ಅವನತ ಶಾಂಕವಗಳು: ಸಮೀಕರಣದಿಂದ ಅವುಗಳ ಪರಿಚಯ

ವೃತ್ತ, ದೀರ್ಘವೃತ್ತ, ಪರವಲಯ, ಅತಿಪರವಲಯ ಎಂಬ ನಾಲ್ಕು ವಕ್ರರೇಖೆಗಳಿಗೆ ಗಣಿತದ ಪಠ್ಯಪುಸ್ತಕಗಳಲ್ಲಿ ಒಂದೊಂದು ಅಧ್ಯಾಯವೇ ಮೀಸಲಾಗಿರುತ್ತದೆ. ಇವೆಲ್ಲವೂ ಎರಡನೆಯ ಘಾತದ ಸಮೀಕರಣಗಳಿಂದ ಹುಟ್ಟುತ್ತವೆಂಬುದು ವಿದ್ಯಾರ್ಥಿಗಳಿಗೆ ವಿದಿತವೇ ಆಗಿದೆ. ಆದರೆ ಎರಡನೆಯ ಘಾತದ ಸಮೀಕರಣವೆಲ್ಲವೂ ಈ ನಾಲ್ಕರಲ್ಲಿ ಒಂದನ್ನು ಕೊಡಲೇಬೇಕೆಂಬ ನಿಯಮವಿಲ್ಲ. ಈ ಎರಡನೆಯ ಮಾತನ್ನು ಪುಸ್ತಕಗಳು ಅರ್ಧ ಪುಟದಲ್ಲಿ ಮುಗಿಸಿಬಿಡುವುದರಿಂದಲೋ ಏನೋ, ಪರೀಕ್ಷೆಯ ಹೊತ್ತಿನಲ್ಲಿ ಅದು ನೆನಪಿಗೆ ಬರುವುದು ಅಪರೂಪ.

ಮುಂದಿನ ಸಮೀಕರಣವನ್ನು ಪರಿಶೀಲಿಸಬಹುದು. ‘ಕ್ಷ-ಕಿರಣ’ ಎಂಬ ಮಾತಿನಲ್ಲಿ ರೂಢವಾಗಿರುವಂತೆ ಅಡ್ಡಲಾದ ನಿರ್ದೇಶಾಂಕವನ್ನು ‘ಕ್ಷ’ ಎಂದೂ, ಲಂಬವಾದುದನ್ನು ‘ಯ’ ಎಂದೂ ಇಲ್ಲಿ ಬರೆಯಲಾಗಿದೆ. ಅಕ್ಷರಗಳ ನಡುವಣ ಚುಕ್ಕೆ ಗುಣಾಕಾರವನ್ನು ಸೂಚಿಸುತ್ತದೆ.

ಕ್ಷ² + ಯ² − 6ಕ್ಷ + 4ಯ + 12 = 0

ಇದು ವೃತ್ತವೆಂದು ವಿದ್ಯಾರ್ಥಿಗಳು ಕೂಡಲೇ ಹೇಳುತ್ತಾರೆ. ಹೇಳಿದ್ದು ಸರಿಯೂ ಹೌದು. ವರ್ಗಗಳನ್ನು ಪೂರ್ಣಗೊಳಿಸಿದರೆ (ಕ್ಷ − 3)² + (ಯ + 2)² = 1 ಎಂದಾಗುತ್ತದೆ; ಕೇಂದ್ರ (3, −2), ತ್ರಿಜ್ಯ 1. ಈಗ ಕೊನೆಯ 12ನ್ನು ಅಳಿಸಿ 13 ಎಂದು ಬರೆದರೆ ಬಲಗಡೆ ಉಳಿಯುವುದು ಸೊನ್ನೆ. ಎರಡು ವರ್ಗಗಳ ಮೊತ್ತ ಸೊನ್ನೆಯಾಗಬೇಕಾದರೆ ಎರಡೂ ಪ್ರತ್ಯೇಕವಾಗಿ ಸೊನ್ನೆಯಾಗಬೇಕು. ಆದುದರಿಂದ ವೃತ್ತವಿದ್ದ ಕಡೆ (3, −2) ಎಂಬ ಒಂದೇ ಬಿಂದು ಉಳಿಯುತ್ತದೆ. ಇನ್ನೊಂದು ಹೆಜ್ಜೆ ಮುಂದುವರಿದು 14 ಎಂದು ಬರೆದರೆ ಬಲಗಡೆ −1 ಬಂದು, ಕಾಗದದ ಮೇಲೆ ಗುರುತಿಸಲು ಒಂದು ಬಿಂದುವೂ ದೊರೆಯುವುದಿಲ್ಲ. ಮೂರೂ ಸಮೀಕರಣಗಳ ಹೊರರೂಪ ಒಂದೇ. ಕ್ಷ² ಮತ್ತು ಯ²ಗಳ ಸಹಗುಣಕಗಳು ಸಮವಾಗಿವೆ, ಕ್ಷ·ಯ ಪದವಿಲ್ಲ ಎಂಬಷ್ಟನ್ನೇ ನೋಡಿ ‘ವೃತ್ತ’ ಎಂದು ಬರೆದವರ ಉತ್ತರ ಮೂರರಲ್ಲಿ ಎರಡು ಕಡೆ ತಪ್ಪುತ್ತದೆ.

ಹೀಗೆ ಒಂದು ಬಿಂದುವಾಗಿ ಕುಗ್ಗಿದ, ಅಥವಾ ಸರಳರೇಖೆಗಳಾಗಿ ಒಡೆದ ಶಾಂಕವಕ್ಕೆ ‘ಅವನತ ಶಾಂಕವ’ವೆಂದು ಹೆಸರು. ಇಂಗ್ಲಿಷಿನ ‘ಡಿಜನರೇಟ್’ ಎಂಬ ಪದದ ಛಾಯೆ ಇದರಲ್ಲಿದೆ. ಹೆಸರು ಅಷ್ಟೇನೂ ನ್ಯಾಯವಾದುದಲ್ಲ. ಕೆಟ್ಟುಹೋದದ್ದು, ಕೀಳಾದದ್ದು ಎಂಬ ಭಾವನೆಯನ್ನು ಅದು ಮೊದಲೇ ಬಿತ್ತಿಬಿಡುತ್ತದೆ. ಆದರೆ ಗಣಿತಜ್ಞನಿಗೆ ಹಲವು ವೇಳೆ ಹೆಚ್ಚು ಉಪಕಾರಿಯಾಗುವುದು ಈ ಒಡೆದ ರೂಪವೇ.

ಇದರ ಮೂಲ ಶಂಕುವಿನಲ್ಲೇ ಇದೆ. ಡಮರುವಿನಂತೆ ತುದಿಗೆ ತುದಿ ಕೂಡಿದ ಎರಡು ಶಂಕುಗಳು, ಎರಡು ಕಡೆಗೂ ಕೊನೆಯಿಲ್ಲದೆ ಹಬ್ಬಿವೆಯೆಂದು ಭಾವಿಸಬೇಕು. ಒಂದು ಸಮತಲವು ಶೃಂಗವನ್ನು ತಪ್ಪಿಸಿ ಅದನ್ನು ಕತ್ತರಿಸಿದರೆ, ಕತ್ತರಿಸಿದ ಓರೆಗೆ ತಕ್ಕಂತೆ ದೀರ್ಘವೃತ್ತ, ಪರವಲಯ ಅಥವಾ ಅತಿಪರವಲಯ ಬರುತ್ತದೆ. ಅದೇ ಸಮತಲವನ್ನು ಓರೆ ಬದಲಿಸದೆ ಮೆಲ್ಲಗೆ ಸರಿಸುತ್ತ ಶೃಂಗದ ಮೂಲಕವೇ ಹಾಯಿಸಿದರೆ ದೀರ್ಘವೃತ್ತ ಒಂದು ಬಿಂದುವಾಗುತ್ತದೆ. ಪರವಲಯ ಶಂಕುವಿನ ಮೈಮೇಲಣ ಒಂದೇ ರೇಖೆಯಾಗುತ್ತದೆ. ಅತಿಪರವಲಯ ಶೃಂಗದಲ್ಲಿ ಛೇದಿಸುವ ಎರಡು ರೇಖೆಗಳಾಗುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಕೊನೆಯ ಹೊತ್ತಿಗೆ ಪರ್ಗಾದ ಅಪೊಲೋನಿಯಸ್ ಶಾಂಕವಗಳನ್ನು ಕುರಿತು ಎಂಟು ಸಂಪುಟಗಳನ್ನು ಬರೆದನು. ಅವುಗಳಲ್ಲಿ ಮೊದಲ ನಾಲ್ಕು ಗ್ರೀಕಿನಲ್ಲೂ ಮುಂದಿನ ಮೂರು ಅರಬ್ಬೀ ಅನುವಾದದಲ್ಲೂ ಉಳಿದುಬಂದಿವೆ, ಎಂಟನೆಯದು ಕಳೆದುಹೋಗಿದೆ. ಶೃಂಗದ ಮೂಲಕ ಹಾಯುವ ಸಮತಲವನ್ನು ಅವನು ಮೊದಲ ಸಂಪುಟದ ಆರಂಭದಲ್ಲೇ ಎತ್ತಿಕೊಳ್ಳುತ್ತಾನೆ. ಅವನ ಶಂಕುವಿಗೆ ಪಾದವಿದ್ದುದರಿಂದ ಅಲ್ಲಿ ದೊರೆಯುವುದು ತ್ರಿಕೋನ. ಅಷ್ಟನ್ನು ಸಾಧಿಸಿ ಅವನು ಮುಂದೆ ಸಾಗುತ್ತಾನೆ. ಅದನ್ನು ಶಾಂಕವಗಳ ಪಂಕ್ತಿಯಲ್ಲಿ ಕೂರಿಸುವುದಿಲ್ಲ.

ಆ ಪಂಕ್ತಿಭೇದವನ್ನು ಮುರಿದದ್ದು ಬೀಜಗಣಿತ. ದೆಕಾರ್ತನು 1637ರಲ್ಲಿ ತನ್ನ ರೇಖಾಗಣಿತವನ್ನು ಪ್ರಕಟಿಸಿದನು. ಅದೇ ಕಾಲದಲ್ಲಿ ಫರ್ಮಾ ಸ್ವತಂತ್ರವಾಗಿ ಅದೇ ದಾರಿಯಲ್ಲಿದ್ದನು. ಅಲ್ಲಿಂದೀಚೆಗೆ ಶಂಕುವನ್ನು ಬದಿಗಿಟ್ಟು ಸಮೀಕರಣದಿಂದಲೇ ಹೊರಡುವುದು ಸಾಧ್ಯವಾಯಿತು. ಎಸ್. ಎಲ್. ಲೋನಿಯವರು 1895ರಲ್ಲಿ ಹೊರತಂದ ನಿರ್ದೇಶಾಂಕ ರೇಖಾಗಣಿತದ ಗ್ರಂಥ ಭಾರತದ ಕಾಲೇಜುಗಳಲ್ಲಿ ಹಲವು ತಲೆಮಾರುಗಳ ಕೈಪಿಡಿಯಾಗಿತ್ತು. ಅಂಥ ಗ್ರಂಥಗಳಲ್ಲಿ ಸಾಮಾನ್ಯ ಸಮೀಕರಣವನ್ನು ಬರೆಯುವ ಕ್ರಮವನ್ನು ಕನ್ನಡ ಅಕ್ಷರಗಳಿಗೆ ಇಳಿಸಿದರೆ ಅದು ಹೀಗಿರುತ್ತದೆ:

ಅ·ಕ್ಷ² + 2ಹ·ಕ್ಷ·ಯ + ಬ·ಯ² + 2ಗ·ಕ್ಷ + 2ಫ·ಯ + ಚ = 0

ಇಲ್ಲಿ ಅ, ಹ, ಬ ಮೂರೂ ಒಮ್ಮೆಲೇ ಸೊನ್ನೆಯಾಗಬಾರದೆಂಬುದೊಂದೇ ಕಟ್ಟಳೆ. ಹ² − ಅ·ಬ ಎಂಬ ಬೆಲೆ ಋಣವಾದರೆ ದೀರ್ಘವೃತ್ತ, ಸೊನ್ನೆಯಾದರೆ ಪರವಲಯ, ಧನವಾದರೆ ಅತಿಪರವಲಯ ಎಂಬ ಸೂತ್ರವನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡಿರುತ್ತಾರೆ. ಈ ಸೂತ್ರ ಹೇಳುವುದು ವಕ್ರರೇಖೆಯ ಕುಲವನ್ನು ಮಾತ್ರ. ಅದು ಇಡಿಯಾಗಿದೆಯೋ ಒಡೆದಿದೆಯೋ ಎಂಬುದನ್ನಲ್ಲ. ಗ, ಫ, ಚ ಎಂಬ ಮೂರು ಸಹಗುಣಕಗಳು ಈ ಸೂತ್ರದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲವೆಂಬುದನ್ನು ಗಮನಿಸಿದರೆ ಅದರ ಕೊರತೆ ತಾನೇ ತಿಳಿಯುತ್ತದೆ.

ಒಡೆದದ್ದನ್ನು ಗುರುತಿಸುವ ಬಗೆ ಒಂದು ಉದಾಹರಣೆಯಿಂದ ಸ್ಪಷ್ಟವಾಗಬಹುದು.

ಕ್ಷ² + ಕ್ಷ·ಯ − 2ಯ² − 2ಕ್ಷ + 5ಯ − 3 = 0

ಇಲ್ಲಿ ಹ = ½, ಅ = 1, ಬ = −2. ಹ² − ಅ·ಬ ಧನವಾಗಿರುವುದರಿಂದ ಅತಿಪರವಲಯವೆಂದು ಬರೆದು ಮುಂದಿನ ಪ್ರಶ್ನೆಗೆ ಹೋಗುವ ಆತುರ ಸಹಜವಾದುದೇ. ಆದರೆ ಯ ಎಂಬುದನ್ನು ಕ್ಷಣಕಾಲ ತಿಳಿದ ಸಂಖ್ಯೆಯೆಂದು ಭಾವಿಸಿ, ಇದನ್ನು ಕ್ಷದ ವರ್ಗಸಮೀಕರಣವೆಂದು ಓದಬೇಕು:

ಕ್ಷ² + (ಯ − 2)·ಕ್ಷ + (−2ಯ² + 5ಯ − 3) = 0

ಇದರ ಶೋಧಕ (ಯ − 2)² − 4(−2ಯ² + 5ಯ − 3). ಬಿಡಿಸಿ ಕೂಡಿಸಿದರೆ 9ಯ² − 24ಯ + 16 ಬರುತ್ತದೆ. ಅದು (3ಯ − 4)² ಅಲ್ಲದೆ ಬೇರೆಯಲ್ಲ. ಶೋಧಕ ಪೂರ್ಣವರ್ಗವಾದ್ದರಿಂದ ವರ್ಗಮೂಲದ ಚಿಹ್ನೆ ಕಳಚಿಬೀಳುತ್ತದೆ; ಕ್ಷ = ಯ − 1 ಎಂದೂ ಕ್ಷ = −2ಯ + 3 ಎಂದೂ ಎರಡು ಬೆಲೆಗಳು ಬರುತ್ತವೆ. ಎರಡೂ ಸರಳರೇಖೆಗಳು. ಅತಿಪರವಲಯವೆಂದು ತೋರಿದ್ದು ವಾಸ್ತವವಾಗಿ

(ಕ್ಷ − ಯ + 1)·(ಕ್ಷ + 2ಯ − 3) = 0

ಎಂಬ ರೇಖಾಯುಗ್ಮ. ಅವು ಪರಸ್ಪರ ಛೇದಿಸುವ ಬಿಂದು (1/3, 4/3); ಶೋಧಕ ಸೊನ್ನೆಯಾಗುವುದು, ಅಂದರೆ ಎರಡು ಬೆಲೆಗಳು ಒಂದಾಗುವುದು, ಯ = 4/3 ಆದಾಗಲೇ ಎಂಬುದು ಇದಕ್ಕೆ ಒಪ್ಪುತ್ತದೆ. ವರ್ಗಮೂಲದೊಳಗೆ ಪೂರ್ಣವರ್ಗವಲ್ಲದ ರಾಶಿ ಉಳಿದರೆ ರೇಖೆ ಬಾಗುತ್ತದೆ. ಪೂರ್ಣವರ್ಗವಾದರೆ ಬಾಗುವುದಕ್ಕೆ ಕಾರಣವೇ ಇರುವುದಿಲ್ಲ. ಇಡೀ ವಿಷಯದ ಕೀಲಿಕೈ ಈ ಒಂದು ಮಾತು.

ಇದೇ ಸಮೀಕರಣದಲ್ಲಿ −3ರ ಬದಲು −4 ಎಂದಿದ್ದರೆ ಎರಡು ಅಪವರ್ತನಗಳ ಗುಣಲಬ್ಧ ಸೊನ್ನೆಯಾಗದೆ 1 ಆಗುತ್ತದೆ. ನಿಜವಾದ ಅತಿಪರವಲಯ ಮೂಡುತ್ತದೆ. −2 ಎಂದಿದ್ದರೆ ಗುಣಲಬ್ಧ −1 ಆಗಿ, ಅತಿಪರವಲಯ ಪಕ್ಕದ ಕೋನಗಳಿಗೆ ಸ್ಥಳ ಬದಲಿಸುತ್ತದೆ. ಮೇಲಿನ ಎರಡು ರೇಖೆಗಳು ಈ ಎರಡಕ್ಕೂ ಅನಂತಸ್ಪರ್ಶಕಗಳು. ಒಂದು ಕಡೆಯ ಅತಿಪರವಲಯಗಳ ಸಾಲು ಇನ್ನೊಂದು ಕಡೆಯ ಸಾಲಿಗೆ ದಾಟಬೇಕಾದರೆ ಈ ರೇಖಾಯುಗ್ಮವೆಂಬ ಹೊಸ್ತಿಲನ್ನು ತುಳಿಯದೆ ದಾರಿಯಿಲ್ಲ. ಸ್ಥಿರಪದ −3.001 ಆಗಿದೆಯೆಂದು ಭಾವಿಸಿದರೆ, ಗ್ರಾಫ್ ಕಾಗದದ ಮೇಲೆ ಎಷ್ಟೇ ಎಚ್ಚರದಿಂದ ಬಿಂದುಗಳನ್ನು ಗುರುತಿಸಿದರೂ ಕಣ್ಣಿಗೆ ಕಾಣುವುದು ಒಂದನ್ನೊಂದು ದಾಟುವ ಎರಡು ಗೆರೆಗಳೇ. ಇಂದಿನ ಗಣಕಯಂತ್ರದ ಪರದೆಯೂ ಇದೇ ಮೋಸಕ್ಕೆ ಒಳಗಾಗಬಲ್ಲುದು. ಚಿತ್ರ ಸೋಲುವ ಈ ಎಡೆಯಲ್ಲಿ ಸಮೀಕರಣ ಸೋಲುವುದಿಲ್ಲ.

ಈ ಕ್ರಮವನ್ನೇ ಸಾಮಾನ್ಯ ಸಮೀಕರಣಕ್ಕೆ ಅನ್ವಯಿಸಬಹುದು. ಅ ಸೊನ್ನೆಯಲ್ಲವೆಂದಿಟ್ಟುಕೊಂಡು ಕ್ಷಕ್ಕಾಗಿ ಬಿಡಿಸಿದಾಗ ವರ್ಗಮೂಲದೊಳಗೆ ಉಳಿಯುವ ರಾಶಿ:

(ಹ² − ಅ·ಬ)·ಯ² + 2(ಗ·ಹ − ಅ·ಫ)·ಯ + (ಗ² − ಅ·ಚ)

ಇದು ಪೂರ್ಣವರ್ಗವಾಗಬೇಕಾದರೆ (ಗ·ಹ − ಅ·ಫ)² ಎಂಬುದು (ಹ² − ಅ·ಬ)·(ಗ² − ಅ·ಚ) ಎಂಬುದಕ್ಕೆ ಸಮವಾಗಬೇಕು. ಎರಡೂ ಕಡೆ ಬಿಡಿಸಿದರೆ ಗ²·ಹ² ಹೊಡೆದುಹೋಗುತ್ತದೆ. ಉಳಿದುದನ್ನು ಅ ಇಂದ ಭಾಗಿಸಿ ಜೋಡಿಸಿದರೆ ದೊರೆಯುವುದು

ಅ·ಬ·ಚ + 2ಫ·ಗ·ಹ − ಅ·ಫ² − ಬ·ಗ² − ಚ·ಹ² = 0

ಎಂಬ ಸುಪ್ರಸಿದ್ಧ ನಿಬಂಧನೆ. ಅ, ಹ, ಗ ಒಂದು ಸಾಲು. ಹ, ಬ, ಫ ಎರಡನೆಯದು. ಗ, ಫ, ಚ ಮೂರನೆಯದು ಎಂದು ಬರೆದ ನಿರ್ಧಾರಕದ ಬೆಲೆಯೂ ಇದೇ. ಅ ಸೊನ್ನೆಯಾದಾಗಲೂ ನಿಬಂಧನೆ ಬದಲಾಗುವುದಿಲ್ಲ. ಇದನ್ನು ಬಾಯಿಪಾಠ ಮಾಡಿದವರು ಬಹಳ ಮಂದಿ. ಇದು ಶೋಧಕದ ಶೋಧಕವೆಂದು ಅರಿತವರು ಕಡಿಮೆ. ಅರಿತವರಿಗೆ ಸೂತ್ರ ಮರೆತರೂ ಚಿಂತೆಯಿಲ್ಲ, ಎರಡು ನಿಮಿಷದಲ್ಲಿ ಅದನ್ನು ಮತ್ತೆ ಕಟ್ಟಿಕೊಳ್ಳಬಲ್ಲರು.

ಈ ನಿಬಂಧನೆಯಲ್ಲಿ ಚ ಇರುವ ಪದಗಳನ್ನು ಒಟ್ಟುಗೂಡಿಸಿದರೆ ಚ·(ಅ·ಬ − ಹ²) ಎಂದಾಗುತ್ತದೆ. ದೀರ್ಘವೃತ್ತದ ಮತ್ತು ಅತಿಪರವಲಯದ ಕುಲಗಳಲ್ಲಿ ಆವರಣದೊಳಗಿನ ಬೆಲೆ ಸೊನ್ನೆಯಲ್ಲ. ಹಾಗಾಗಿ ಉಳಿದ ಸಹಗುಣಕಗಳು ಏನೇ ಇದ್ದರೂ ಸ್ಥಿರಪದದ ಒಂದೇ ಒಂದು ಬೆಲೆಗೆ ಶಾಂಕವ ಒಡೆಯುತ್ತದೆ. ಮೊದಲ ಉದಾಹರಣೆಯಲ್ಲಿ ಆ ಬೆಲೆ 13, ಎರಡನೆಯದರಲ್ಲಿ −3. ಪರವಲಯದ ಕುಲದಲ್ಲಿ ಮಾತ್ರ ಆವರಣದೊಳಗೆ ಸೊನ್ನೆಯಿರುವುದರಿಂದ ಚ ಎಂಬುದಕ್ಕೆ ಯಾವ ಅಧಿಕಾರವೂ ಇಲ್ಲ. ಪರವಲಯದ ಸ್ಥಿರಪದವನ್ನು ಬದಲಿಸುತ್ತ ಹೋದರೆ ಅದು ಸರಿಯುತ್ತದೆಯೇ ಹೊರತು ಎಂದಿಗೂ ಮುರಿಯುವುದಿಲ್ಲ.

ಆ ಕುಲದಲ್ಲಿ ಒಡೆಯುವ ಬಗೆಯೇ ಬೇರೆ. ಉದಾಹರಣೆಗೆ,

ಕ್ಷ² + 4ಕ್ಷ·ಯ + 4ಯ² + 2ಕ್ಷ + 4ಯ − 3 = 0

ಮೊದಲ ಮೂರು ಪದಗಳು (ಕ್ಷ + 2ಯ)². ಮುಂದಿನ ಎರಡು, ಅದೇ ಕ್ಷ + 2ಯ ಎಂಬುದರ ಇಮ್ಮಡಿ. ಎಡಗಡೆಯಲ್ಲಿರುವುದೆಲ್ಲ ಕ್ಷ + 2ಯ ಎಂಬ ಒಂದೇ ರಾಶಿಯಿಂದ ಆದದ್ದು; ಅದು 1 ಆಗಬೇಕು ಅಥವಾ −3 ಆಗಬೇಕು. ಇವು ಎರಡು ಸಮಾಂತರ ರೇಖೆಗಳು. −3 ಇರುವಲ್ಲಿ 1 ಎಂದಿದ್ದರೆ (ಕ್ಷ + 2ಯ + 1)² = 0 ಆಗಿ ಎರಡೂ ಒಂದರ ಮೇಲೊಂದು ಬೀಳುತ್ತವೆ; 5 ಎಂದಿದ್ದರೆ ಏನೂ ಉಳಿಯುವುದಿಲ್ಲ. ಇಲ್ಲಿ ತೀರ್ಪು ಕೊಡುವುದು ಗ² − ಅ·ಚ ಎಂಬ ಬೆಲೆ: ಧನವಾದರೆ ಎರಡು ಸಮಾಂತರ ರೇಖೆಗಳು, ಸೊನ್ನೆಯಾದರೆ ಒಂದೇ ರೇಖೆ, ಋಣವಾದರೆ ಶೂನ್ಯ. 4ಯ ಎಂಬುದನ್ನು 5ಯ ಎಂದು ತಿದ್ದಿದರೆ ಸಾಕು, ಸಮೀಕರಣ ಮತ್ತೆ ಪರವಲಯಕ್ಕೆ ಮರಳುತ್ತದೆ.

ಈ ಸಮಾಂತರ ರೇಖೆಗಳು ಎಲ್ಲಿಂದ ಬಂದವು? ಶಂಕುವನ್ನು ಯಾವ ಕಡೆಯಿಂದ ಕತ್ತರಿಸಿದರೂ ಅವು ದೊರೆಯಲಾರವು. ಶೃಂಗದ ಮೂಲಕ ಹಾಯುವ ಸಮತಲದಲ್ಲಿ ಬರುವ ಎರಡು ರೇಖೆಗಳು ಶೃಂಗದಲ್ಲಿ ಸೇರಲೇಬೇಕು. ಆದರೆ ಬಿದಿರಿನ ಗಳುವನ್ನು ಓರೆಯಾಗಿ ಕತ್ತರಿಸಿದರೆ ದೀರ್ಘವೃತ್ತವೂ, ಉದ್ದಕ್ಕೆ ಸೀಳಿದರೆ ಎರಡು ಸಮಾಂತರ ಅಂಚುಗಳೂ ಬರುತ್ತವೆಂಬುದು ಎಲ್ಲರೂ ಕಂಡದ್ದೇ. ಸ್ತಂಭಾಕೃತಿಯೆಂದರೆ ಶೃಂಗವು ಅನಂತದೂರಕ್ಕೆ ಸರಿದುಹೋದ ಶಂಕು. ಶಂಕುವಿನ ಜ್ಯಾಮಿತಿ ಬಾಗಿಲು ಹಾಕಿದ್ದ ಈ ರೂಪವನ್ನು ಸಮೀಕರಣ ಯಾವ ಭೇದವೂ ಇಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ.

ಇನ್ನು ಒಂಟಿ ಬಿಂದುವಿನ ವಿಚಾರ. ನಿಬಂಧನೆಯನ್ನು ಪಡೆದದ್ದು ಎರಡು ರೇಖೆಗಳನ್ನು ಹುಡುಕುತ್ತ. ಹಾಗಿರುವಾಗ ಅದು ಬಿಂದುವನ್ನು ಏಕೆ ಹಿಡಿದುಕೊಡುತ್ತದೆಂಬ ಸಂದೇಹ ಬರಬೇಕು. ಕ್ಷ² + ಯ² = 0 ಎಂಬುದನ್ನು ವಾಸ್ತವ ಸಂಖ್ಯೆಗಳಲ್ಲಿ ಅಪವರ್ತಿಸಲು ಬರುವುದಿಲ್ಲ. −1ರ ವರ್ಗಮೂಲವನ್ನು ‘ಇ’ ಎಂದು ಕರೆದರೆ ಅದೂ (ಕ್ಷ + ಇ·ಯ)·(ಕ್ಷ − ಇ·ಯ) ಎಂದು ಒಡೆಯುತ್ತದೆ. ಬಿಂದುವೆಂದರೆ ಕಣ್ಣಿಗೆ ಕಾಣದ ಎರಡು ಸಂಮಿಶ್ರ ರೇಖೆಗಳು, ಕಾಣುವ ಜಗತ್ತಿನಲ್ಲಿ ಪರಸ್ಪರ ಸಂಧಿಸುವ ಏಕೈಕ ಸ್ಥಾನ. ಇದಕ್ಕೆ ಪ್ರತಿಯಾಗಿ ಕ್ಷ² + ಯ² + 1 = 0 ಎಂಬುದಕ್ಕೆ ವಾಸ್ತವ ಬಿಂದು ಒಂದೂ ಇಲ್ಲದಿದ್ದರೂ ಅದರ ನಿರ್ಧಾರಕ ಸೊನ್ನೆಯಲ್ಲ. ಗಣಿತದ ಕಟ್ಟುನಿಟ್ಟಿನ ಅರ್ಥದಲ್ಲಿ ಅದು ಅವನತವಲ್ಲ. ಇಡಿಯಾಗಿಯೇ ಇರುವ, ಆದರೆ ಅಗೋಚರವಾದ ದೀರ್ಘವೃತ್ತ. ಕ್ಷ² + 1 = 0 ಎಂಬುದೂ ಅಗೋಚರವೇ, ಆದರೆ ಅದು ಒಡೆದದ್ದು. ಕಾಣದಿರುವುದು ಬೇರೆ, ಒಡೆಯುವುದು ಬೇರೆ.

ಒಂದು ಸಾಮಾನ್ಯ ದೋಷವನ್ನು ಇಲ್ಲಿಯೇ ಹೇಳಬೇಕು. ಕ್ಷ² = ಕ್ಷ·ಯ ಎಂಬ ಸಮೀಕರಣ ಬಂದಾಗ ಎರಡು ಕಡೆಯೂ ಕ್ಷವನ್ನು ಹೊಡೆದು ಕ್ಷ = ಯ ಎಂದು ಬರೆಯುವವರುಂಟು. ಹಾಗೆ ಹೊಡೆದ ಕ್ಷ ಒಂದು ಸಂಪೂರ್ಣ ರೇಖೆ. ಸಮೀಕರಣ ಹೇಳುವುದು ಕ್ಷ·(ಕ್ಷ − ಯ) = 0 ಎಂದು; ಲಂಬ ಅಕ್ಷವಿಡೀ ಅದರ ಉತ್ತರದಲ್ಲಿ ಸೇರಿದೆ. ಅವನತ ಶಾಂಕವದ ಅರ್ಧಭಾಗ ಹೀಗೆ ಒಂದು ಗೀಟಿನಲ್ಲಿ ಮಾಯವಾಗುತ್ತದೆ.

ಒಡೆದ ಶಾಂಕವದಿಂದ ಏನು ಉಪಯೋಗವೆಂದು ಕೇಳುವವರಿಗೆ ಎರಡು ಉತ್ತರಗಳಿವೆ. ಮೊದಲನೆಯದು ಪಾಸ್ಕಲನದು. 1640ರಲ್ಲಿ, ಹದಿನಾರರ ಹರೆಯದಲ್ಲಿ, ಅವನು ಶಾಂಕವದೊಳಗೆ ರಚಿಸಿದ ಷಡ್ಭುಜದ ಎದುರುಬದುರಿನ ಬಾಹುಗಳು ಕೂಡುವ ಮೂರು ಬಿಂದುಗಳು ಒಂದೇ ಸರಳರೇಖೆಯಲ್ಲಿರುತ್ತವೆಂಬ ಪ್ರಮೇಯವನ್ನು ಹೊರಗೆಡಹಿದನು. ಆ ಶಾಂಕವದ ಸ್ಥಾನದಲ್ಲಿ ಎರಡು ರೇಖೆಗಳನ್ನಿಟ್ಟು, ಷಡ್ಭುಜದ ಶೃಂಗಗಳನ್ನು ಒಂದು ಬಿಟ್ಟು ಒಂದರಂತೆ ಅವುಗಳಿಗೆ ಹಂಚಿದರೆ, ಅಲೆಕ್ಸಾಂಡ್ರಿಯದ ಪಾಪಸ್ ಸಾವಿರದ ಮುನ್ನೂರು ವರ್ಷಗಳಷ್ಟು ಹಿಂದೆ ಸಾಧಿಸಿದ್ದ ಪ್ರಮೇಯ ಹಾಗೆಯೇ ಬರುತ್ತದೆ. ಬೇರೆ ಬೇರೆಯೆಂದು ತೋರಿದ್ದ ಎರಡು ಸತ್ಯಗಳು ಒಂದೇ ಮಾತಿನ ಎರಡು ಸಂದರ್ಭಗಳಾದವು.

ಎರಡನೆಯ ಉತ್ತರ ಲೆಕ್ಕ ಮಾಡುವವರದು. ಕ್ಷ² + ಯ² = 5 ಎಂಬ ವೃತ್ತವೂ ಕ್ಷ·ಯ = 2 ಎಂಬ ಅತಿಪರವಲಯವೂ ಎಲ್ಲೆಲ್ಲಿ ಸಂಧಿಸುತ್ತವೆ? ಒಂದರಿಂದ ಯವನ್ನು ಇನ್ನೊಂದಕ್ಕೆ ತುಂಬಿದರೆ ನಾಲ್ಕನೆಯ ಘಾತದ ಸಮೀಕರಣ ಎದುರಾಗುತ್ತದೆ. ಪ್ರೌಢಶಾಲೆಯ ಜಾಣ ವಿದ್ಯಾರ್ಥಿಗಳು ಆ ದಾರಿ ಹಿಡಿಯದೆ, ಎರಡನೆಯದನ್ನು ಇಮ್ಮಡಿಸಿ ಮೊದಲನೆಯದಕ್ಕೆ ಕೂಡಿಸಿ (ಕ್ಷ + ಯ)² = 9 ಎಂದೂ, ಕಳೆದು (ಕ್ಷ − ಯ)² = 1 ಎಂದೂ ಪಡೆಯುತ್ತಾರೆ. ಅಲ್ಲಿಂದ (1, 2), (2, 1), (−1, −2), (−2, −1) ಎಂಬ ನಾಲ್ಕು ಬಿಂದುಗಳು ಸುಲಭವಾಗಿ ಬರುತ್ತವೆ. ಇದನ್ನು ಒಂದು ಚಮತ್ಕಾರವೆಂದು ಕಲಿಸಲಾಗುತ್ತದೆ. ಚಮತ್ಕಾರದ ಒಳಗುಟ್ಟು ಅವನತ ಶಾಂಕವವೇ. ಲ ಎಂಬ ಯಾವುದೇ ಸಂಖ್ಯೆಯನ್ನು ತೆಗೆದುಕೊಂಡು

(ಕ್ಷ² + ಯ² − 5) + ಲ·(ಕ್ಷ·ಯ − 2) = 0

ಎಂದು ಬರೆದರೆ, ಆ ನಾಲ್ಕೂ ಬಿಂದುಗಳ ಮೂಲಕ ಹಾಯುವ ಒಂದು ಶಾಂಕವ ದೊರೆಯುತ್ತದೆ. ಲದ ಬೆಲೆ ಬದಲಿಸಿದಂತೆ ಶಾಂಕವ ಬದಲಾಗುತ್ತದೆ, ನಾಲ್ಕು ಬಿಂದುಗಳು ಕದಲುವುದಿಲ್ಲ. ಅದು ಯಾವಾಗ ಒಡೆಯುತ್ತದೆಂದು ನಿರ್ಧಾರಕವನ್ನು ಕೇಳಿದರೆ (−5 − 2ಲ)·(1 − ಲ²/4) = 0 ಎಂಬ ಉತ್ತರ ಬರುತ್ತದೆ. ಲ = 2 ಮತ್ತು ಲ = −2 ಎಂಬ ಬೆಲೆಗಳು ಮೇಲೆ ಹೇಳಿದ ಕೂಡುವ, ಕಳೆಯುವ ಕ್ರಮಗಳೇ. ಆದರೆ ಮೂರನೆಯದೂ ಒಂದಿದೆ: ಲ = −5/2. ಅದನ್ನು ತುಂಬಿದರೆ ಸ್ಥಿರಪದ ಅಳಿದು 2ಕ್ಷ² − 5ಕ್ಷ·ಯ + 2ಯ² = 0, ಅಂದರೆ (2ಕ್ಷ − ಯ)·(ಕ್ಷ − 2ಯ) = 0 ಎಂದಾಗುತ್ತದೆ. ಮೊದಲ ಜೋಡಿಯ ರೇಖೆಗಳು ಚೌಕೋನದ ಎರಡು ಎದುರು ಬಾಹುಗಳು, ಎರಡನೆಯ ಜೋಡಿ ಉಳಿದ ಎರಡು ಬಾಹುಗಳು, ಈ ಮೂರನೆಯ ಜೋಡಿ ಮೂಲಬಿಂದುವಿನಲ್ಲಿ ಛೇದಿಸುವ ಅದರ ಕರ್ಣಗಳು. ನಾಲ್ಕು ಬಿಂದುಗಳನ್ನು ಎರಡೆರಡರ ಎರಡು ಜೋಡಿಗಳಾಗಿ ಮಾಡುವ ವಿಧಗಳು ಮೂರೇ ಇರುವುದರಿಂದ ಲದ ಸಮೀಕರಣ ಮೂರನೆಯ ಘಾತದ್ದಾಯಿತು.

ಯಾವುದೇ ಎರಡು ಶಾಂಕವಗಳಿಗೂ ಈ ದಾರಿ ನಡೆಯುತ್ತದೆ. ಮೊದಲು ಮೂರನೆಯ ಘಾತದ ಒಂದು ಸಮೀಕರಣವನ್ನು ಬಿಡಿಸಿ ಒಡೆದ ಶಾಂಕವವನ್ನು ಹಿಡಿಯಬೇಕು. ಬಳಿಕ ಅದರ ಎರಡು ರೇಖೆಗಳು ಮೂಲ ಶಾಂಕವವನ್ನು ಎಲ್ಲಿ ಛೇದಿಸುತ್ತವೆಂದು ಎರಡು ವರ್ಗಸಮೀಕರಣಗಳಿಂದ ಕಂಡುಹಿಡಿಯಬೇಕು. ನಾಲ್ಕನೆಯ ಘಾತದ ತೊಡಕು ಹೀಗೆ ಮೂರನೆಯದಕ್ಕೂ ಎರಡನೆಯದಕ್ಕೂ ಇಳಿಯುತ್ತದೆ. ಕಾರ್ದಾನೋ 1545ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನ ಶಿಷ್ಯ ಫೆರಾರಿಯ ಹೆಸರಿನಲ್ಲಿ ಕೊಟ್ಟಿರುವ ನಾಲ್ಕನೆಯ ಘಾತದ ಪರಿಹಾರಕ್ರಮದಲ್ಲಿಯೂ ಮೂರನೆಯ ಘಾತದ ಒಂದು ಸಹಾಯಕ ಸಮೀಕರಣ ಅನಿವಾರ್ಯವಾಗಿ ಬರುತ್ತದೆ. ನಿರ್ದೇಶಾಂಕ ರೇಖಾಗಣಿತ ಹುಟ್ಟುವುದಕ್ಕೆ ಸುಮಾರು ತೊಂಬತ್ತು ವರ್ಷ ಮೊದಲು, ಅವನು ತಲುಪಿದ್ದ ಆ ಸಮೀಕರಣದ ಮೂರು ಮೂಲಗಳು ಇಲ್ಲಿಯ ಲದ ಮೂರು ಬೆಲೆಗಳ ಕೆಲಸವನ್ನೇ ಮಾಡುತ್ತವೆ.